ಸ್ವಂತ ವಾಕ್ಯದಲ್ಲಿ ಬಳಸಿ

ನನ್ನ ಮಗಳು ಸಮುದ್ರದೊಳಕ್ಕೆ ನಡೆದು ಹೋದಾಗ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಮೇಜಿನ ಆಚೆ ಬದಿಗೆ ಕೂತಿದ್ದ ಮನೆಯೊಡತಿ ಮೋರಾಗ್, ಟೀ ಲೋಟದಿಂದ ಕಣ್ಣೆತ್ತದೆ, ನಾಳೆ ಮಳೆ ಬರುತ್ತದೆ ಅನ್ನುವಷ್ಟೇ ಸಲೀಸಾಗಿ ಹೇಳಿದರು: "ವೇಡ್. ಅಂದರೆ ನೀರಿನಲ್ಲಿ ಕಾಲು ಮುಳುಗಿಸಿಕೊಂಡು ನಡೆಯುವುದು. ಚಂದನಾ ಚಪ್ಪಲಿ ಕಳಚಿಟ್ಟು ಸಮುದ್ರದೊಳಕ್ಕೆ ನಡೆದು ಹೋದಳು. ಈಗ ನೀನೊಂದು ವಾಕ್ಯ ಹೇಳು, ಗೀತಾ."

ನಾನು ಈರುಳ್ಳಿಯನ್ನೇ ಹೆಚ್ಚುತ್ತ ಹೋದೆ. ಐದು ವರ್ಷದ ಚಂದನಾ ಆಗ ಬರಗೂರಿನಲ್ಲಿ ನನ್ನ ಅಮ್ಮನ ಹತ್ತಿರ ಇದ್ದಳು. ಸಮುದ್ರವನ್ನು ಅವಳು ಕಂಡೇ ಇರಲಿಲ್ಲ. ಸಮುದ್ರ ಇದ್ದದ್ದು ನನ್ನ ಕಿಟಕಿಯಾಚೆ, ಸ್ಕಾಟ್ಲೆಂಡಿನ ಈ ಸಣ್ಣ ಮೀನುಗಾರರ ಊರಿನಲ್ಲಿ. ಮಧ್ಯಾಹ್ನ ಮೂರು ಗಂಟೆಗೇ ಅದು ಕಪ್ಪಾಗುತ್ತಿತ್ತು.

ನಾನು ಇಲ್ಲಿಗೆ ಬಂದದ್ದು ವೃದ್ಧರ ಆರೈಕೆ ಮನೆಯೊಂದರ ಕೆಲಸಕ್ಕೆ. ನಮ್ಮದು ಸಿರಾ ತಾಲ್ಲೂಕು. ಅಪ್ಪ ಕಡಲೆಕಾಯಿ ಮಿಲ್ಲಿನಲ್ಲಿ ಮೂಟೆ ಹೊತ್ತವನು. ಅಮ್ಮ ಇವತ್ತಿಗೂ ಸಿರಾ ಬಸ್ ಸ್ಟ್ಯಾಂಡಿನ ಮುಂದೆ ಹೂ ಕಟ್ಟಿ ಮಾರುತ್ತಾಳೆ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು, ನರ್ಸಿಂಗಿನಲ್ಲಿ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಕೈಗೆ ಕೊಟ್ಟದ್ದಲ್ಲ ಅದು. ಆದರೆ ಈ ದೇಶದಲ್ಲಿ ನನ್ನ ಡಿಗ್ರಿ ನಡೆಯಬೇಕಾದರೆ ಮೊದಲು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಅದಾಗುವವರೆಗೆ ನಾನು ಆರೈಕೆಯ ಆಳು. ಆರೈಕೆಯ ಆಳಿಗೆ ಮಗುವನ್ನು ಕರೆಸಿಕೊಳ್ಳುವ ವೀಸಾ ಇಲ್ಲ, ನರ್ಸಿಗೆ ಇದೆ. ಪರೀಕ್ಷೆ ಅಂದರೆ ನನಗೆ ಚಂದನಾ ಅಂತಲೇ ಅರ್ಥ.

ಒಂದು ಸಲ ಬರೆದು ಫೇಲಾಗಿದ್ದೆ. ಓದುವುದು, ಬರೆಯುವುದು, ಕೇಳುವುದು ಪಾಸು. ಕೈಕೊಟ್ಟದ್ದು ಮಾತು. ರೋಗಿಯ ಮಗಳಂತೆ ನಟಿಸುವ ಒಬ್ಬಾಕೆ ಎದುರು ಕೂತಿರುತ್ತಾಳೆ, ಅವಳ ತಾಯಿ ಉಳಿಯುವುದಿಲ್ಲ ಎಂದು ನಾವು ಸ್ಪಷ್ಟವಾಗಿ ತಿಳಿಸಬೇಕು. ನಾನು, ತಾಯಿಗೆ ತುಂಬ ಸುಸ್ತಾಗಿದೆ, ದೇವರಿದ್ದಾನೆ, ಧೈರ್ಯವಾಗಿರಿ ಅಂದುಬಿಟ್ಟೆ. ಅಲ್ಲಿಗೆ ಅಂಕ ಹೋಯಿತು. ಮಧುಗಿರಿಯಲ್ಲಿ ಸಣ್ಣ ನರ್ಸಿಂಗ್ ಹೋಮೊಂದರಲ್ಲಿ ಕೆಲಸ ಮಾಡಿದವಳು ನಾನು. ಅಲ್ಲಿ ತುಮಕೂರಿಗೆ ಕರ್ಕೊಂಡು ಹೋಗಿ ಅಂದರೆ ಜನಕ್ಕೆ ಅರ್ಥವಾಗುತ್ತಿತ್ತು. ಮನೆಗೆ ಕರ್ಕೊಂಡು ಹೋಗಿ ಅಂದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತಿತ್ತು. ಸಾವು ಅನ್ನುವ ಪದವನ್ನು ಡಾಕ್ಟರೂ ಆಡುತ್ತಿರಲಿಲ್ಲ, ನಾವೂ ಆಡುತ್ತಿರಲಿಲ್ಲ, ಕೇಳುವವರಿಗೂ ಬೇಕಿರಲಿಲ್ಲ. ಇಲ್ಲಿ ಆ ಪದವನ್ನು ಆಡದಿದ್ದರೆ ರೋಗಿಯ ಕಡೆಯವರಿಗೆ ಮೋಸ ಮಾಡಿದಂತೆ.

ಮೋರಾಗ್ ನನಗೆ ಸಿಕ್ಕದ್ದು ಬಾಡಿಗೆ ಕೋಣೆಯ ಜೊತೆಗೆ. ಎಂಬತ್ತು ದಾಟಿದವರು, ಮದುವೆಯಾಗದವರು, ಪ್ರೈಮರಿ ಸ್ಕೂಲಿನಲ್ಲಿ ಟೀಚರ್ ಆಗಿದ್ದವರು. ಮೊದಲ ದಿನವೇ, ಮೇಡಂ ಅನ್ನಬೇಡ, ಮೋರಾಗ್ ಅನ್ನು ಎಂದರು. ನಮ್ಮಮ್ಮನಿಗಿಂತ ಹಿರಿಯ ಹೆಂಗಸನ್ನು ಬರೀ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಬಹಳ ದಿನ ಏಳಲಿಲ್ಲ. ಅಡುಗೆಮನೆಯಿಂದ ಏನಾದರೂ ಕೇಳಬೇಕಾದರೆ ಅವರಿದ್ದ ಕೋಣೆಗೇ ಹೋಗಿ ಎದುರು ನಿಂತು ಕೇಳುತ್ತಿದ್ದೆ. ಬೆಳಿಗ್ಗೆ ಅವರು ಓಟ್ಸ್ ಹಿಟ್ಟಿನ ಗಂಜಿಗೆ ಸಕ್ಕರೆ ಹಾಕದೆ ಉಪ್ಪು ಹಾಕಿಕೊಂಡು ಕುಡಿಯುತ್ತಿದ್ದರು. ನಾನು ಊರಿಂದ ತಂದ ರಾಗಿ ಹಿಟ್ಟಿನಲ್ಲಿ ಅಂಬಲಿ ಮಾಡಿ ಕೊಟ್ಟೆ. ಕುಡಿದು, ಬಟ್ಟಲು ಮುಂದಕ್ಕೆ ತಳ್ಳಿ, ಇನ್ನಷ್ಟು ಇದೆಯಾ ಅಂದರು. ಈ ದೇಶದಲ್ಲಿ ನಾನು ಗೆದ್ದ ಮೊದಲ ಗೆಲುವು ಅದು. ಮರುದಿನವೇ ಪಾಠ ಶುರುವಾಯಿತು.

ಅವರ ಕ್ರಮ ಸರಳ. ಪದ, ಅದರ ಅರ್ಥ, ಒಂದು ಉದಾಹರಣೆ ವಾಕ್ಯ. ಆಮೇಲೆ ನನ್ನದೊಂದು ವಾಕ್ಯ. ನಮ್ಮ ಶಾಲೆಯಲ್ಲೂ ಇದೇ ಇತ್ತಲ್ಲ, 'ಸ್ವಂತ ವಾಕ್ಯದಲ್ಲಿ ಬಳಸಿ' ಅಂತ. ಬರಗೂರಿನ ನಮ್ಮ ಮೇಷ್ಟ್ರು ಒಳ್ಳೆಯ ಪದಗಳನ್ನೆಲ್ಲ ರಾಮನಿಗೆ, ಕೆಟ್ಟವನ್ನೆಲ್ಲ ರಾವಣನಿಗೆ ಹಂಚುತ್ತಿದ್ದರು. ರಾಮನು ಬಹುಮಾನ ಪಡೆದನು, ರಾವಣನು ಬಾವಿಗೆ ಬಿದ್ದನು. ರಾವಣನಿಗೆ ಏನಾದರೆ ಯಾರಿಗೇನು. ಮೋರಾಗ್ ಹಾಗಲ್ಲ. ಅಕ್ಕರೆಯ ಜೀವವೊಂದನ್ನು ಒಳಗೆ ಕೂರಿಸದಿದ್ದರೆ ಪದ ತಲೆಯಲ್ಲಿ ನಿಲ್ಲುವುದಿಲ್ಲ ಎನ್ನುವುದು ಅವರ ನಂಬಿಕೆ. ನಲವತ್ತು ವರ್ಷ ಮಕ್ಕಳಿಗೆ ಹಾಗೇ ಕಲಿಸಿದ್ದರಂತೆ. ನನ್ನ ಕೋಣೆಯ ಗೋಡೆಯ ಮೇಲಿದ್ದ ಫೋಟೋ ನೋಡಿ, ಹೆಸರು ಕೇಳಿ, ಎಲ್ಲ ಪದಗಳ ಒಳಗೂ ಚಂದನಾಳನ್ನು ಕೂರಿಸಿಬಿಟ್ಟರು. ಅವಳು ಅವರ ವಾಕ್ಯಗಳಲ್ಲಿ ನಗುತ್ತಿದ್ದಳು, ಓಡುತ್ತಿದ್ದಳು, ಜ್ವರ ಬಂದು ಮಲಗುತ್ತಿದ್ದಳು, ದಾರಿ ತಪ್ಪುತ್ತಿದ್ದಳು.

ಓದುತ್ತಿರುವ ನಿಮಗೆ ಈಗಾಗಲೇ ಎದೆ ಸಣ್ಣಗೆ ಚುರುಕ್ ಅಂದಿರಬೇಕು. ನಮ್ಮ ಕಡೆ ಮುಸ್ಸಂಜೆ ಹೊತ್ತಿನಲ್ಲಿ ಕೆಟ್ಟ ಮಾತಾಡಬಾರದು. ಅಸ್ತು ದೇವತೆಗಳು ಓಡಾಡಿಕೊಂಡಿರುತ್ತಾರೆ, ಏನು ಕಿವಿಗೆ ಬಿದ್ದರೂ ಅಸ್ತು ಅಂದುಬಿಡುತ್ತಾರೆ. ಬಾಯಿ ತಪ್ಪಿ ಬಂದರೆ ಪಕ್ಕದವರು ತಕ್ಷಣ, ಬುಡ್ತು ಅನ್ನು, ಅನ್ನುತ್ತಾರೆ. ಅಂದರೆ ಆ ಮಾತು ಅಲ್ಲಿಗೇ ಬಿಟ್ಟುಹೋಯಿತು, ಲೆಕ್ಕಕ್ಕಿಲ್ಲ. ಕಾಲೇಜು ಸೇರಿದ ಮೇಲೆ ನಾನು ಇದಕ್ಕೆಲ್ಲ ನಗುತ್ತಿದ್ದೆ. ಅಮ್ಮ ಬುಡ್ತು ಅನ್ನು ಅಂತ ಗೋಗರೆದರೂ ಹಟಕ್ಕೆ ಅನ್ನುತ್ತಿರಲಿಲ್ಲ.

ಆದರೆ ಊರಿನ ಮುಸ್ಸಂಜೆ ಎಷ್ಟು ಹೊತ್ತು? ದೀಪ ಹಚ್ಚಿ, ದನ ಕಟ್ಟಿ, ಕಸ ಗುಡಿಸುವಷ್ಟರಲ್ಲಿ ಮುಗಿಯುತ್ತದೆ. ಇಲ್ಲಿಯವರು ಅದಕ್ಕೆ ಗ್ಲೋಮಿಂಗ್ ಅನ್ನುತ್ತಾರೆ. ಚಳಿಗಾಲದಲ್ಲಿ ಅದು ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಬಂದು ಕೂತರೆ ಏಳುವುದೇ ಇಲ್ಲ. ಹಗಲೂ ಅಲ್ಲ, ಇರುಳೂ ಅಲ್ಲ. ಬೂದು ಬಣ್ಣದ ಹೊತ್ತು, ಬೀದಿಯಲ್ಲಿ ಒಂದು ನರಪಿಳ್ಳೆ ಇರುವುದಿಲ್ಲ. ಮಧುಗಿರಿಯಲ್ಲಿ ಎಲ್ಲಿ ನಿಂತರೂ ಆ ದೊಡ್ಡ ಬಂಡೆ ಬೆಟ್ಟ ಕಾಣುತ್ತದೆ, ನಾನು ಎಲ್ಲಿದ್ದೇನೆ ಅನ್ನುವುದು ಕೇಳದೆಯೇ ಗೊತ್ತಾಗುತ್ತದೆ. ಇಲ್ಲಿ ಕಿಟಕಿಯ ಗಾಜಿನಲ್ಲಿ ನನ್ನ ಮುಖ, ಅದರ ಹಿಂದೆ ನೀರಿನ ಸದ್ದು, ಅಷ್ಟೇ. ಆ ಹೊತ್ತಿನಲ್ಲೇ ನಮ್ಮ ಪಾಠ.

ವೇಡ್ ಎನ್ನುವ ಪದ ಕಲಿತ ಮರುದಿನ ನನ್ನ ಗಂಡ ನಾಗರಾಜನ ಫೋನ್ ಬಂತು. ಅವನದು ಪಾವಗಡ ಸೀಮೆ, ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ಕೆಲಸ. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಶುರುವೇ, "ಏಮೀ ಕಾಲೇದು, ನೀನು ಭಯ ಬೀಳ್ಬೇಡ," ಅಂತ. ಅವನು ಏನೂ ಆಗಿಲ್ಲ ಅಂದರೆ ಏನೋ ಆಗಿದೆ ಅಂತಲೇ. ಶಾಲೆಗೆ ರಜೆ ಎಂದು ಮಗಳನ್ನು ಅಂದು ಬೆಳಿಗ್ಗೆ ಬರಗೂರಿನಿಂದ ವಳ್ಳೂರಿಗೆ ಕರೆದುಕೊಂಡು ಹೋಗಿದ್ದನಂತೆ. ಸಂಜೆ ಅವನು ಯಾರ ಜೊತೆಗೋ ಮಾತಾಡುತ್ತಿದ್ದಾಗ ಅವಳು ಪಕ್ಕದಲ್ಲಿ ಇಲ್ಲ. ಆ ಕಡೆ ಹೋದವರಿಗೆ ಗೊತ್ತು, ಹೊತ್ತು ಮುಳುಗುವಾಗ ಆ ಗಾಜಿನ ಹಲಗೆಗಳ ಮೇಲೆ ಇಡೀ ಆಕಾಶ ಬಿದ್ದುಕೊಂಡು, ಕಣ್ಣು ಹಾಯುವಷ್ಟು ದೂರ ತುಂಬಿದ ಕೆರೆಯ ಹಾಗೆ ಕಾಣುತ್ತದೆ. ಹುಡುಕಿದವರಿಗೆ ಮೊದಲು ಸಿಕ್ಕದ್ದು ಬೇಲಿಯ ಹತ್ತಿರ ಜೋಡಿಸಿಟ್ಟ ಅವಳ ಚಪ್ಪಲಿ. ಎಷ್ಟೋ ಹೊತ್ತಿನ ಮೇಲೆ ವಾಚ್‌ಮನ್ ಅವಳನ್ನು ಹಲಗೆಗಳ ಸಾಲಿನ ಒಳಗೆ ಕಂಡ. ಲಂಗ ಮೊಳಕಾಲಿನವರೆಗೆ ಎತ್ತಿ ಹಿಡಿದುಕೊಂಡು ಮೆಲ್ಲಗೆ ಹೆಜ್ಜೆ ಇಡುತ್ತಿದ್ದಳಂತೆ. ಲಂಗ ಯಾಕಮ್ಮ ಎತ್ಕೊಂಡೆ ಅಂದರೆ, ನೆನೆಯುತ್ತಲ್ಲ ಅಂದಳಂತೆ.

ನಾಗರಾಜ ಇದನ್ನು ತಮಾಷೆಯ ಹಾಗೆ ಹೇಳಿ ನಕ್ಕ. ನಾನು ಫೋನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತೆ. ನೀರೇ ಇಲ್ಲದ ಸೀಮೆಯಲ್ಲಿ ನನ್ನ ಮಗಳಿಗೆ ಒಂದು ಸಮುದ್ರ ಹುಡುಕಿ ಕೊಟ್ಟವರು ಯಾರು? ಕಾಕತಾಳೀಯ ಎಂದು ನನ್ನ ಓದು ಹೇಳಿತು. ಓದನ್ನು ನಾನು ಗೌರವಿಸುತ್ತೇನೆ. ಆದರೂ ಅಂದು ಮಧ್ಯಾಹ್ನ ಮೋರಾಗ್ ಮುಂದಿನ ಪದಕ್ಕೆ ಬಾಯಿ ತೆರೆದಾಗ ನಾನು ಮೇಜಿನ ಮೇಲಿಂದ ಕೈ ಚಾಚಿ ಅವರ ಕೈ ಹಿಡಿದುಕೊಂಡೆ. ಅವಳ ಹೆಸರು ಬೇಡ ಎಂದೆ. ಅಸ್ತು ದೇವತೆಗಳ ವಿಷಯ, ಬುಡ್ತು ಅನ್ನುವ ವಿಷಯ, ವಳ್ಳೂರಿನ ವಿಷಯ, ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ.

ಅವರು ನಗಲಿಲ್ಲ. ಅವರ ತಂದೆ ಮೀನುಗಾರ. ದೋಣಿಯಲ್ಲಿ ಕೆಲವು ಪದಗಳನ್ನು ಆಡುವಂತೆಯೇ ಇರಲಿಲ್ಲವಂತೆ: ಹಂದಿ ಅನ್ನಬಾರದು, ಪಾದ್ರಿ ಅನ್ನಬಾರದು. ಯಾರಾದರೂ ಅಂದರೆ ಎಲ್ಲರೂ ಓಡಿ ತಣ್ಣನೆಯ ಕಬ್ಬಿಣ ಮುಟ್ಟಬೇಕು. ನಮ್ಮಲ್ಲೂ ಕತ್ತಲಾದ ಮೇಲೆ ಹಾವು ಅನ್ನದೆ ಹುಳ ಅನ್ನುತ್ತೇವೆ ಎಂದೆ. ಬಂದ ದಿನದಿಂದ ಅಷ್ಟು ಹತ್ತಿರ ನಾವು ಕೂತಿರಲಿಲ್ಲ.

"ಆದರೆ ವಾಕ್ಯಕ್ಕೆ ಯಾರಾದರೂ ಬೇಕಲ್ಲ," ಅಂದರು. ರಾವಣನನ್ನು ಹಾಕುತ್ತೇನೆ ಎಂದೆ. ಅವನ ಕಥೆ ಕೇಳಿ, ಹತ್ತು ತಲೆಯವನು ಸಾಯುತ್ತಾನೆ ಅಂತ ನೀನು ಪರೀಕ್ಷೆಯಲ್ಲಿ ಯಾರಿಗೆ ಹೇಳುತ್ತೀಯ ಎಂದು ಕೇಳಿದರು. ಆಮೇಲೆ ಟೀ ಮುಗಿಸಿ, ಲೋಟ ಬೋರಲು ಹಾಕಿ, "ನನ್ನನ್ನು ಹಾಕು," ಅಂದರು. "ನನಗೆ ಎಂಬತ್ತಮೂರು. ಆಗಬೇಕಾದದ್ದೆಲ್ಲ ಆಗಿಹೋಗಿದೆ. ನಿನ್ನ ದೇವತೆಗಳಿಗೆ ನನ್ನ ಹತ್ತಿರ ಕೆಲಸ ಕಮ್ಮಿ."

ಅವತ್ತಿನಿಂದ ಎಲ್ಲ ಕೆಟ್ಟ ಪದಗಳೂ ಮೋರಾಗ್ ಮೇಲೆ ಬಿದ್ದವು. ಕೊಲ್ಯಾಪ್ಸ್, ಇದ್ದಕ್ಕಿದ್ದಂತೆ ಕುಸಿಯುವುದು: ಮೋರಾಗ್ ಅಡುಗೆಮನೆಯಲ್ಲಿ ಕುಸಿದು ಬಿದ್ದರು. ಡಿಟೀರಿಯರೇಟ್, ದಿನದಿಂದ ದಿನಕ್ಕೆ ಹದಗೆಡುವುದು: ಮೋರಾಗ್ ಅವರ ಸ್ಥಿತಿ ಹದಗೆಡುತ್ತಿದೆ. ಮೊದಮೊದಲು ನನ್ನ ನಾಲಿಗೆ ತಡವರಿಸುತ್ತಿತ್ತು. ಗಟ್ಟಿಯಾಗಿ ಹೇಳು, ನಾನು ಕಿವುಡಿ, ಎಂದು ಅವರೇ ರೇಗಿಸುತ್ತಿದ್ದರು. ನಾನು ಅವರನ್ನು ಬೀಳಿಸಿದೆ, ಮೂಳೆ ಮುರಿದೆ, ನೆನಪು ಅಳಿಸಿದೆ. ಅವರು ಎದುರಿಗೇ ಕೂತು ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತ ಉಚ್ಚಾರಣೆ ತಿದ್ದಿದರು. ಚಳಿಗಾಲ ಕಳೆಯುವಷ್ಟರಲ್ಲಿ ಆ ಹೆಸರು ನನ್ನ ಬಾಯಿಗೆ ಎಷ್ಟು ರೂಢಿಯಾಯಿತೆಂದರೆ, ಅಡುಗೆಮನೆಯಿಂದಲೇ ಮೋರಾಗ್ ಎಂದು ಕೂಗತೊಡಗಿದೆ. ಬರಿ ಹೆಸರು ಹಿಡಿದು ಕರೆಯುವ ಅಭ್ಯಾಸ ನನಗೆ ಬಂದದ್ದು ಹಾಗೆ.

ಅಮ್ಮನಿಗೆ ಇದನ್ನು ಫೋನಿನಲ್ಲಿ ಹೇಳಿದೆ. "ಪಾಪ, ಆ ಯಮ್ಮಂಗೆ ಯಾರಿದ್ದಾರಮ್ಮ ಬುಡ್ತು ಅನ್ನಕ್ಕೆ?" ಅಂದಳು.

ವಸಂತದಲ್ಲಿ ಎರಡನೆಯ ಪರೀಕ್ಷೆ ಬಂತು. ಅದು ನಡೆಯುವುದು ಬಸ್ಸಿನಲ್ಲಿ ಹೋಗಬೇಕಾದ ದೊಡ್ಡ ಊರಿನಲ್ಲಿ. ನನ್ನ ಎದುರು ಕೂತವಳು ಬಿಳಿ ಸ್ವೆಟರಿನ ನಡುವಯಸ್ಸಿನ ಹೆಂಗಸು, ರೋಗಿಯ ಮಗಳ ಪಾತ್ರ. ಅಮ್ಮ ಯಾವಾಗ ಮನೆಗೆ ಬರುತ್ತಾರೆ ಎಂದು ಕೇಳಿದಳು. ನಟನೆ ಎಂದು ಗೊತ್ತಿದ್ದರೂ ಅವಳ ಕಣ್ಣು ಒದ್ದೆಯಾಗಿತ್ತು. ನಾನು ಒಂದು ಗಳಿಗೆ ಕಣ್ಣು ಮುಚ್ಚಿದೆ. ಮೋರಾಗ್ ಮುಖ ಬಂತು, ಗಂಜಿ ಬಟ್ಟಲು, ಕೆನ್ನೆಯ ಮಚ್ಚೆ. ಕಣ್ಣು ತೆರೆದು, ಒಂದೂ ಪದ ನುಂಗದೆ, ಅವರು ಮನೆಗೆ ಬರುವುದಿಲ್ಲ, ಅವರು ಸಾಯುತ್ತಿದ್ದಾರೆ ಎಂದೆ. ಆಮೇಲೆ ಹೇಳಬೇಕಾದ ಸಮಾಧಾನವನ್ನೂ ಹೇಳಿದೆ. ಹೊರಗೆ ಬಂದಾಗ ಪಾಸಾಗಿದ್ದೇನೆ ಎಂದು ನನಗೆ ಗೊತ್ತಿತ್ತು.

ಬೀದಿಯಲ್ಲಿ ನಿಂತು ಫೋನ್ ಮಾಡಿದೆ. ಒತ್ತಿದ ಮೇಲೆ ಗೊತ್ತಾಯಿತು, ನಾನು ಮಾಡಿದ್ದು ಬರಗೂರಿಗಲ್ಲ, ಮೋರಾಗ್ ಮನೆಗೆ. ಫೋನು ಹೊಡೆದುಕೊಂಡೇ ಇತ್ತು, ಎತ್ತುವವರಿಲ್ಲ. ಬಸ್ ನಿಲ್ದಾಣದಿಂದ ಮತ್ತೆ ಮಾಡಿದೆ, ಬಸ್ಸಿನೊಳಗಿಂದ ಮಾಡಿದೆ. ಅವರು ಮಧ್ಯಾಹ್ನ ಮನೆ ಬಿಟ್ಟು ಹೋಗುವವರಲ್ಲ. ದಾರಿಯಲ್ಲಿ ಹಾರ್ ಬಂತು. ಹಾರ್ ಅಂದರೆ ಸಮುದ್ರದ ಮೇಲಿಂದೆದ್ದು ಊರೊಳಕ್ಕೆ ನಡೆದು ಬರುವ ಮಂಜು. ಬಿಸಿಲಿದ್ದ ಹಾಗೇ ಬರುತ್ತದೆ. ಮೊದಲು ದೋಣಿಗಳು ಹೋಗುತ್ತವೆ, ಆಮೇಲೆ ಮನೆಗಳು, ಆಮೇಲೆ ನಮ್ಮ ಕೈ. ನಮ್ಮೂರಿನ ಮಂಜು ಬಿಸಿಲಿಗೆ ಹೆದರುತ್ತದೆ. ಇದಕ್ಕೆ ಆ ಹೆದರಿಕೆಯಿಲ್ಲ.

ಮನೆಯ ಬಾಗಿಲು ತೆರೆದಿತ್ತು. ಹಾರ್ ನಡುಮನೆಯವರೆಗೂ ಬಂದು ನಿಂತಿತ್ತು. ಕೆಟಲಿನ ಬಿಸಿ ಪೂರ್ತಿ ಆರಿರಲಿಲ್ಲ. ಅವರ ಕೋಟು ಮೊಳೆಯಲ್ಲೇ ಇತ್ತು. ನಾನು ಚಳಿಗಾಲವಿಡೀ ಆಡಿದ ವಾಕ್ಯಗಳು ಆ ಅಡುಗೆಮನೆಯ ಗೋಡೆಗಳಿಂದ ನನಗೇ ಕೇಳಿಸಿದವು, ನನ್ನದೇ ದನಿಯಲ್ಲಿ, ತಿದ್ದಿದ ಉಚ್ಚಾರಣೆಯಲ್ಲಿ. ಬೀದಿಗೆ ಓಡಿದೆ. ಹೆಸರು ಹಿಡಿದು ಕೂಗಿದೆ. ಮಂಜಿನಲ್ಲಿ ಕೂಗಿದ ಮಾತು ಮುಂದಕ್ಕೆ ಹೋಗುವುದಿಲ್ಲ, ಬಾಯಿಯ ಹತ್ತಿರವೇ ನಿಲ್ಲುತ್ತದೆ. ಇಳಿಜಾರು ಇಳಿದು, ಗೋಡೆ ಸವರಿಕೊಂಡು ದೋಣಿಕಟ್ಟೆಗೆ ಬಂದೆ. ಕೆಳಗೆ ನೀರು ಕಾಣದೆ ಸದ್ದು ಮಾಡುತ್ತಿತ್ತು. ಕಟ್ಟೆಯ ತುದಿಯಲ್ಲಿ ಏನೋ ಬಿಳಿಯದು ಕೂತಿತ್ತು. ಅವರ ತಲೆ.

ಮೋರಾಗ್ ಕಲ್ಲಿನ ಮೇಲೆ ಕೂತಿದ್ದರು, ಕೋಟಿಲ್ಲದೆ. ದೋಣಿ ಕಟ್ಟುವ ಕಬ್ಬಿಣದ ಬಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ನಾನು ಮುಟ್ಟಿದರೂ ಬಿಡಲಿಲ್ಲ.

"ಮುಗಿಯಿತಾ?" ಅಂದರು.

ಮುಗಿಯಿತು ಎಂದೆ.

"ಹೇಳಿದೆಯಾ?"

ಹೇಳಿದೆ, ನಿಮ್ಮ ಮುಖ ನೆನೆಸಿಕೊಂಡೇ ಹೇಳಿದೆ ಎಂದೆ. ಸುಳ್ಳು ಹೇಳಲು ಆಗಲಿಲ್ಲ.

"ಗೊತ್ತು. ನೀನು ಹೇಳಿದ ಗಳಿಗೆ ಗೊತ್ತಾಯಿತು," ಅಂದರು. ಕೆಟಲ್ ಇಟ್ಟಿದ್ದರಂತೆ. ಯಾರೋ ಕಿವಿಯ ಪಕ್ಕದಲ್ಲಿ ಅವರ ಹೆಸರು ಹೇಳಿದಂತಾಯಿತಂತೆ. ಎದ್ದು ಬಂದುಬಿಟ್ಟರಂತೆ. "ನಾನು ತಮಾಷೆ ಮಾಡುತ್ತಿದ್ದೆ ಅಂದುಕೊಂಡಿದ್ದೆಯಾ ಇಷ್ಟು ದಿನ? ನನಗೂ ಬದುಕಿರೋದು ಇಷ್ಟ, ಗೀತಾ."

ಮನೆಯಲ್ಲಿ ಕಬ್ಬಿಣ ಇರಲಿಲ್ಲವೇ, ಒಲೆ ಇತ್ತು, ಬಾಣಲೆ ಇತ್ತು ಎಂದೆ. ತಂದೆ ಮುಟ್ಟುತ್ತಿದ್ದದ್ದು ಇದನ್ನೇ ಅಂದರು. ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಅಂಗೈಯೆಲ್ಲ ತುಕ್ಕು. ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಮುಚ್ಚಿಕೊಂಡು, ಸಿರಾ ತಾಲ್ಲೂಕಿನ ಮುದುಕಿಯೊಬ್ಬಳಂತೆ, ಬುಡ್ತು ಅನ್ನಿ, ಬುಡ್ತು ಅನ್ನಿ ಎಂದೆ. ಅವರಿಗೆ ಆ ಪದ ಬಾಯಿಗೆ ಕೂರಲಿಲ್ಲ. ನಾನು ತಿದ್ದಿದೆ. ಮತ್ತೆ ಅಂದರು. ಸರಿಯಾಗುವವರೆಗೂ ಅನ್ನಿಸಿ, ಆಮೇಲೆ ಮನೆಗೆ ಕರೆತಂದೆ.

ನಾನು ಪಾಸಾದೆ. ನರ್ಸಾದೆ. ನಮ್ಮ ಕಡೆಯ ಹೆಣ್ಣುಮಕ್ಕಳು ಇದನ್ನು ಓದುತ್ತಿದ್ದರೆ ಅವರಿಗಾಗಿ ಹೇಳುತ್ತೇನೆ: ಕನ್ನಡ ಮೀಡಿಯಂನಲ್ಲಿ ಓದಿದವಳು ಇಲ್ಲಿ ನರ್ಸಾಗಬಹುದು. ಮುಂದಿನ ಚಳಿಗಾಲಕ್ಕೆ ಮೊದಲು ನಾಗರಾಜ ಚಂದನಾಳನ್ನು ಕರೆದುಕೊಂಡು ಬಂದ. ಅವನಿಗೆ ಇಲ್ಲಿಯ ಮೀನು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಮ್ಮ ಬರಲಿಲ್ಲ. ಹೂ ಯಾರು ಕಟ್ತಾರೆ ಅಂದಳು. ತಮ್ಮ, ಅವನ ಹೆಂಡತಿ, ಅವರ ಮಕ್ಕಳು ಜೊತೆಗಿದ್ದಾರೆ, ಮನೆ ತುಂಬ ಜನ. ಆದರೂ ಫೋನಿನಲ್ಲಿ ಮೊದಲು ಕೇಳುವುದು, ನನ್ನ ಕೂಸು ಉಂಡಾ ಅಂತ.

ಚಂದನಾ ಸಮುದ್ರ ನೋಡಿ, ಇದಕ್ಕಿಂತ ವಳ್ಳೂರಿಂದೇ ದೊಡ್ಡದು ಅಂದಳು. ಮೋರಾಗ್ ಈಗ ಅವಳಿಗೆ ಪದ ಕಲಿಸುತ್ತಾರೆ. ಒಂದು ದಿನ ಮರೆತು, ಚಂದನಾ ಜಾರಿ ಬಿದ್ದಳು ಎಂದು ಹಳೆಯ ರೂಢಿಯ ವಾಕ್ಯ ಹೇಳಿ, ಗಾಬರಿಯಾಗಿ ನನ್ನ ಮುಖ ನೋಡಿದರು. ನನಗೆ ಏನೂ ಅನ್ನಿಸಲಿಲ್ಲ. ಮಗಳು ನನ್ನ ತೊಡೆಯ ಮೇಲೇ ಕೂತಿದ್ದಳು, ಬೆಚ್ಚಗೆ, ಬಿಸ್ಕತ್ತು ಉದುರಿಸಿಕೊಂಡು. ಆದರೆ ಅದೇ ಪದಕ್ಕೆ ಚಂದನಾ, ನಮ್ಮಜ್ಜಿ ಜಾರಿ ಬಿದ್ದಳು ಅಂದಾಗ ನಾನು ಅವಳನ್ನು ಕೆಳಗಿಳಿಸಿ ಎದ್ದು ಹೋಗಿ ಬರಗೂರಿಗೆ ಫೋನ್ ಮಾಡಿದೆ. ಅಮ್ಮ ಹೂ ಕಟ್ಟುತ್ತಿದ್ದಳು. ಏನಮ್ಮ ಈ ಹೊತ್ನಲ್ಲಿ ಅಂದಳು. ಕಣ್ಣೆದುರು ಇರುವವರಿಗೆ ಮಾತು ತಟ್ಟುವುದಿಲ್ಲ, ದೂರ ಇರುವವರಿಗೆ ತಟ್ಟುತ್ತದೆ. ನಾನು ಯಾರನ್ನು ಹತ್ತಿರ ಕರೆಸಿಕೊಂಡರೂ ಇನ್ಯಾರೋ ಒಬ್ಬರು ಆ ದೂರದಲ್ಲಿ ಉಳಿಯುತ್ತಾರೆ. ನನ್ನ ಭಯ ವಿಮಾನ ಹತ್ತಿ ಬರಲಿಲ್ಲ, ಮಗಳನ್ನು ಮಾತ್ರ ಕಳಿಸಿ ಅಲ್ಲೇ ಉಳಿಯಿತು.

ಕಳೆದ ವಾರ ಚಂದನಾ ಇಲ್ಲಿಯ ಶಾಲೆಗೆ ಸೇರಿದಳು. ಸಂಜೆ ಬಂದು, ಹಾಜರಿ ಕೂಗುವಾಗ ಬಾರದವರಿಗೆ ಟೀಚರ್ ಆಡುವ ಪದ ಬರಗೂರಿನ ಶಾಲೆಯಲ್ಲೂ ಇಲ್ಲೂ ಒಂದೇ ಎಂದು ಸಡಗರದಿಂದ ಹೇಳಿದಳು. ಮೋರಾಗ್ ಕನ್ನಡಕ ಹಾಕಿಕೊಂಡರು. ಕಿಟಕಿಯಾಚೆ ಬೂದು ಹೊತ್ತು ಬಂದು ಕೂತಿತ್ತು.

"ಆಬ್ಸೆಂಟ್," ಅಂದರು. "ಇರಬೇಕಾದ ಕಡೆ ಇಲ್ಲದಿರುವುದು. ಈಗ ನಿನ್ನ ವಾಕ್ಯ."

ಚಂದನಾ ಕುರ್ಚಿಯಿಂದ ಕಾಲು ಇಳಿಬಿಟ್ಟು ಆಡಿಸುತ್ತ ಯೋಚಿಸಿದಳು. "ಬರಗೂರಲ್ಲಿ ಅಮ್ಮ ಆಬ್ಸೆಂಟ್," ಅಂದಳು. "ಇಲ್ಲಿ ಅಜ್ಜಿ ಆಬ್ಸೆಂಟ್." ಆಮೇಲೆ ನನ್ನ ಕಡೆ ತಿರುಗಿ, "ಸರೀನಾ ಅಮ್ಮ?"

ಮೋರಾಗ್‌ಗೆ ಕನ್ನಡ ಬರುವುದಿಲ್ಲ. ಅವರೂ ನನ್ನ ಮುಖವನ್ನೇ ನೋಡುತ್ತಿದ್ದರು. ತಿದ್ದಲು ಅದರಲ್ಲಿ ಏನೂ ತಪ್ಪಿರಲಿಲ್ಲ. ಸರಿ ಎಂದೆ. ಚಂದನಾ ಹಿಗ್ಗಿ, ಅದನ್ನೇ ಇನ್ನೊಂದು ಸಲ, ಈ ಸಲ ಗಟ್ಟಿಯಾಗಿ, ಹೇಳಿದಳು.